ಫೋಟೋದ ಅಂಚಿನ ಮೊಣಕೈ

ಈ ಫೋಟೋ ನಮ್ಮದಲ್ಲ, ಇಂಜಿನ್ನಿನದು.
ಮಾಗಡಿ ರೋಡ್ ಸ್ಟೇಷನ್ನು, ಎಪ್ಪತ್ತಾರೋ ಎಪ್ಪತ್ತೇಳೋ,
ಮೈಸೂರಿನ ಪ್ಯಾಸೆಂಜರು ಮೈಮುರಿದು ಹೊರಟ ಗಳಿಗೆ.
ತೆಗೆದದ್ದು ಡೆನ್ಜಿಲ್‌ನ ಮಾವ,
ರೋಲಿನಲ್ಲಿ ಉಳಿದಿದ್ದ ಕೊನೆಯ ಒಂದು ಚಿತ್ರ.
'ಸರಕೊಳ್ರೋ, ನಂಬರ್ ಮುಚ್ಚುತ್ತೆ' ಅಂದ.
ಸರಕೊಂಡೆವು.

ಆದ್ದರಿಂದ ಬಾಯ್ಲರಿದೆ, ಹೊಗೆಯಿದೆ,
ವೈಪಿ ಇಪ್ಪತ್ತೆರಡು ನಲವತ್ತೊಂದು, ಅಂಕಿ ಅಂಕಿಯೂ ಸ್ಪಷ್ಟ.
ಎಡದ ಅಂಚಿಗೆ ಒಂದು ಮೊಣಕೈ,
ಒಂದೂವರೆ ಚಡ್ಡಿ,
ಹವಾಯಿ ಚಪ್ಪಲಿಯ ಒಂದು ಪಾದ, ಕಿತ್ತ ಪಟ್ಟಿಗೆ ಪಿನ್ನು.

ಯಾರದು ಯಾವುದೆಂದು ಇವತ್ತು ಕೂತು ಲೆಕ್ಕ ಹಾಕುತ್ತೇನೆ.

ಚಡ್ಡಿಯಲ್ಲಿ ಸುಳಿವಿಲ್ಲ. ಖಾಕಿ.
ಬಿನ್ನಿಪೇಟೆಯ ಅರ್ಧ ಹುಡುಗರದು ಅದೇ ಬಟ್ಟೆ,
ಮಿಲ್ಲಿನಿಂದ ಅಗ್ಗಕ್ಕೆ ಬರುತ್ತಿದ್ದ ತುಂಡು,
ಎಳೆ ತಪ್ಪಿದ್ದು, ಬಣ್ಣ ಹೆಚ್ಚುಕಡಿಮೆಯಾದದ್ದು.
ಟೈಲರ್ ಮುನಿವೆಂಕಟಪ್ಪನಿಗೆ ಟೇಪೇ ಬೇಡ;
'ಬೆಳೆಯೋ ಮಕ್ಳು' ಎಂದು ಅಮ್ಮಂದಿರು ಬಾಯಿ ತೆರೆಯುವ ಮೊದಲೇ
ಎರಡು ವರ್ಷ ಮುಂದಿನ ಹುಡುಗನಿಗೆ ಹೊಲಿದುಬಿಡುತ್ತಿದ್ದ.
ಆ ಮುಂದಿನ ಹುಡುಗ ಬರುವ ತನಕ
ಉಡಿದಾರವೇ ಬೆಲ್ಟು.

ಫೈರ್‌ಮನ್ನನ ಅಂಗಿಯೂ ಇದೇ ಖಾಕಿ ಎಂದು
ಕಂಡುಹಿಡಿದವನು ಜಬೀವುಲ್ಲಾ.
ಅವತ್ತಿನಿಂದ ನಮ್ಮ ಚಡ್ಡಿಯ ಮೇಲೆ ನಮಗೇ ಗೌರವ.
ಸ್ಕೂಲಿಲ್ಲದ ಭಾನುವಾರವೂ ಅದನ್ನೇ ಏರಿಸಿ
ಬೇಲಿಯ ಹಳಿತುಂಡಿನ ಮೇಲೆ ಸಾಲಾಗಿ ಕೂತೆವು,
ಯಾವ ಕ್ಷಣವೂ ಡ್ಯೂಟಿಗೆ ಕರೆ ಬರುವಂತೆ.

ಜೇಬೆಂದರೆ ಎಡದ್ದು ಮಾತ್ರ; ಬಲದ್ದು ತೂತು.
ಎಡದಲ್ಲಿ ನಂಬರ್ ಪುಸ್ತಕ,
ಲೆಕ್ಕದ ನೋಟಿನ ಖಾಲಿ ಹಾಳೆ ಕಿತ್ತು ಹೊಲಿದದ್ದು,
ಜೊತೆಗೆ ಕಾಪಿಯಿಂಗ್ ಪೆನ್ಸಿಲ್ಲಿನ ಮೋಟು.
ನಾಲಿಗೆಗೆ ತಾಕಿಸಿದರೆ ನೇರಳೆ.
ಎಷ್ಟು ಗಾಡಿ ಹೋದವೆಂದು ಅಮ್ಮ
ನಾಲಿಗೆ ನೋಡಿಯೇ ಹೇಳುತ್ತಿದ್ದಳು.

ಅಂಗಿಯನ್ನಂತೂ ಕೇಳಬೇಡಿ.
ಬೆಳಿಗ್ಗೆ ನೀಲಿ ಹಾಕಿ ಹಿಂಡಿದ ಬಿಳಿ,
ಸಂಜೆಗೆ ಹೆಗಲ ತುಂಬ ಕಿಡಿ ಕಚ್ಚಿದ ಸಾಸಿವೆ ತೂತು.
ತೂತಿಗೊಂದು ಏಟು.
ಆದರೂ ಎಣಿಸಿ ಜಂಬಪಡುತ್ತಿದ್ದೆವು, ಯಾರಿಗೆ ಹೆಚ್ಚೆಂದು.
ಮಾಗಿಯ ಮುಂಜಾನೆ ಮಂಕಿ ಕ್ಯಾಪು,
ಅಕ್ಕನ ಸ್ವೆಟರು, ಗುಂಡಿ ತಿರುಗುಮುರುಗು,
ಬಾಯಲ್ಲಿ ಹಬೆ ಬಿಡುತ್ತ
ನಾವೂ ಇಂಜಿನ್ನು.

ಆ ಪಾದ ಡೆನ್ಜಿಲ್‌ದಲ್ಲ. ಅವನಿಗೆ ಸಾಕ್ಸಿತ್ತು,
ಅಂಗಿ ಚಡ್ಡಿಯೊಳಗೆ ಸಿಕ್ಕಿಸಿದ್ದು ಹೊರಬರುತ್ತಿರಲಿಲ್ಲ.
ಅವರಪ್ಪ ಡ್ರೈವರು. ಅವನು ನಂಬರು ಬರೆದವನಲ್ಲ:
ಮನೆಯವರ ಹೆಸರು ಯಾರು ಬರೆದಿಟ್ಟುಕೊಳ್ಳುತ್ತಾರೆ?
ದುಗ್ಗಣ್ಣನೂ ಅಲ್ಲ. ಬೆಲ್‌ಬಾಟಂ ಹೊಲಿಸಿದ ವಾರದಿಂದ
ಅವನು ಬೇಲಿ ಹತ್ತಲಿಲ್ಲ,
ಮುಳ್ಳಿಗೆ ಸಿಗುತ್ತೆ ಕಣೋ, ಅಷ್ಟೇ, ಅಂದ.

ಉಳಿದದ್ದು ಮೊಣಕೈ.
ಅರ್ಧ ತೋಳು ಮೊಣಕೈ ದಾಟಿದೆ, ಮುನಿವೆಂಕಟಪ್ಪನ ಕೈಯೇ.
ಆ ವಾರ ನನ್ನ ತೋಳಿಗೆ ಕಿಡಿ ಬಿದ್ದು
ನಾಲ್ಕಾಣೆಯಗಲ ಸುಟ್ಟಿತ್ತು,
ಮನೆಗೆ ಹೋಗಲು ಕಾಲೇಳಲಿಲ್ಲ.
ಜಬೀವುಲ್ಲಾನ ಅಬ್ಬಾ ಚಿಕ್ಕಪೇಟೆಯಲ್ಲಿ ರಫೂ ಮಾಡುವವರು.
ಅಂಗಿ ಬಿಚ್ಚಿಸಿದರು, ಮಡಿಕೆಯಂಚಿನಿಂದ ಎಳೆ ಕಿತ್ತು
ಅದನ್ನೇ ಸೂಜಿಗೆ ಪೋಣಿಸಿದರು.
ಬನಿಯನ್ನಿನಲ್ಲಿ ನಡುಗುತ್ತ ಕೂತಿದ್ದೆ.
ಬೈಯಲಿಲ್ಲ. ಯಾವ ಇಂಜಿನ್ನು ಅಂತ ಮಾತ್ರ ಕೇಳಿದರು.
ಅಮ್ಮ ಒಗೆದಳು, ಹಿಂಡಿದಳು, ಇಸ್ತ್ರಿಗೂ ಕೊಟ್ಟಳು.
ಗೊತ್ತಾಗಲಿಲ್ಲ.

ಈಗ ಭೂತಗನ್ನಡಿ ಹಿಡಿದು ಹುಡುಕುತ್ತಿದ್ದೇನೆ.
ರಫೂ ಕಂಡರೆ ಅದು ನಾನು.
ಇಂಜಿನ್ನಿನ ರಿವೆಟ್ಟು ಒಂದೊಂದೂ ಎಣಿಸಬಹುದು.
ತೋಳು ಬರೀ ಬಿಳಿ.